ಮೂರು ಹನಿ ರಕ್ತದ ಹಿಂದಿರುವ ಮನುಷ್ಯ: ಬ್ಲಡ್ ಗ್ರೂಪ್ ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್

ರಕ್ತದಾನ ಶಿಬಿರಕ್ಕೆ ಹೋದವರೆಲ್ಲ ಇದನ್ನು ನೋಡಿರ್ತೀರಿ. ಲ್ಯಾಬ್ ಟೆಕ್ನಿಷಿಯನ್ ಬೆರಳ ತುದಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿ ಮೇಲೆ ಮೂರು ಕಡೆ ಒಂದೊಂದು ಹನಿ ರಕ್ತ ಇಡ್ತಾರೆ. ಒಂದು ಹನಿಗೆ ನೀಲಿ ದ್ರಾವಣ, ಇನ್ನೊಂದಕ್ಕೆ ಹಳದಿ, ಮೂರನೆಯದಕ್ಕೆ ಬಣ್ಣವಿಲ್ಲದ್ದು. ಕಡ್ಡಿಯಿಂದ ಕಲಸಿ, ಪಟ್ಟಿಯನ್ನು ಅತ್ತಿತ್ತ ವಾಲಿಸಿದರೆ ಒಂದೆರಡು ನಿಮಿಷದಲ್ಲಿ ಉತ್ತರ ಸಿಗುತ್ತೆ. ಕೆಲವು ಹನಿ ಒಡೆದ ಹಾಲಿನ ಹಾಗೆ ಗಂಟುಗಂಟಾಗುತ್ತೆ, ಕೆಲವು ಇದ್ದ ಹಾಗೇ ನುಣ್ಣಗೆ ಉಳಿಯುತ್ತೆ. ಅದನ್ನು ನೋಡಿ ಬಿ ಪಾಸಿಟಿವ್, ಓ ನೆಗೆಟಿವ್ ಅಂತ ಬರೆದುಕೊಡ್ತಾರೆ.

ಇಷ್ಟು ಸುಲಭದ ಈ ಪರೀಕ್ಷೆ ಇಲ್ಲದ ಕಾಲವೂ ಒಂದಿತ್ತು. ಆಗ ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಡೋದು ಅಂದ್ರೆ ಶುದ್ಧ ಜೂಜು. ಬದುಕಿದರೆ ಅದೃಷ್ಟ, ಸತ್ತರೆ ಯಾಕೆ ಸತ್ತರು ಅಂತ ಡಾಕ್ಟರಿಗೂ ಗೊತ್ತಾಗ್ತಿರಲಿಲ್ಲ. ಆ ಗುಟ್ಟು ಬಿಡಿಸಿದವರು ಆಸ್ಟ್ರಿಯಾ ದೇಶದ ಕಾರ್ಲ್ ಲ್ಯಾಂಡ್‌ಸ್ಟೈನರ್. ಇವರು ಹುಟ್ಟಿದ ದಿನ ಜೂನ್ 14. ಪ್ರತಿ ವರ್ಷ ಅದೇ ದಿನ ವಿಶ್ವ ರಕ್ತದಾನಿಗಳ ದಿನ ಆಚರಿಸೋದು ಇವರ ನೆನಪಿಗೇ.

ತಂದೆ ಇಲ್ಲದ ಮನೆ

ಲ್ಯಾಂಡ್‌ಸ್ಟೈನರ್ ಹುಟ್ಟಿದ್ದು 1868ರಲ್ಲಿ, ರಾಜಧಾನಿ ವಿಯೆನ್ನಾಕ್ಕೆ ಹತ್ತಿರದ ಬಾಡೆನ್ ಎಂಬ ಊರಲ್ಲಿ. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರದು. ತಂದೆ ಲಿಯೋಪೋಲ್ಡ್ ವಿಯೆನ್ನಾದ ಹೆಸರಾಂತ ಪತ್ರಕರ್ತ, ಪತ್ರಿಕೆ ನಡೆಸಿದವರು. ಮಗನಿಗೆ ಆರು ವರ್ಷ ಇದ್ದಾಗಲೇ ತಂದೆ ತೀರಿಕೊಂಡರು. ಆಮೇಲೆ ಮಗನನ್ನು ಸಾಕಿ, ಓದಿಸಿದ್ದು ತಾಯಿ ಫ್ಯಾನಿ ಒಬ್ಬರೇ.

ತಾಯಿ ಮಗನ ನಂಟು ಎಷ್ಟು ಗಟ್ಟಿ ಇತ್ತು ಅಂದ್ರೆ, ತಾಯಿ ತೀರಿಕೊಂಡಾಗ ಅವರ ಮುಖದ ಅಚ್ಚು ತೆಗೆಸಿ, ತಮ್ಮ ಕೊನೆಗಾಲದವರೆಗೂ ಅದನ್ನು ಗೋಡೆಗೆ ತೂಗುಹಾಕಿಕೊಂಡಿದ್ದರು. ದೇಶ ಬಿಟ್ಟು ದೇಶಕ್ಕೆ ಹೋದಾಗಲೂ ಅದನ್ನು ಕೈಬಿಡಲಿಲ್ಲ.

1891ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಪದವಿ ಸಿಕ್ಕಿತು. ಬೇರೆಯವರಾಗಿದ್ದರೆ ಬೋರ್ಡ್ ಹಾಕಿ ಪ್ರಾಕ್ಟೀಸ್ ಶುರು ಮಾಡ್ತಿದ್ದರು. ಇವರು ಹಾಗೆ ಮಾಡಲಿಲ್ಲ. ದೇಹದೊಳಗೆ ನಡೆಯೋದೆಲ್ಲ ಕೊನೆಗೆ ರಸಾಯನಶಾಸ್ತ್ರವೇ ಅನ್ನೋದು ಇವರ ನಂಬಿಕೆ. ಅದಕ್ಕಾಗಿ ಜರ್ಮನಿ ಮತ್ತು ಸ್ವಿಟ್ಜರ್‌ಲೆಂಡಿನ ದೊಡ್ಡ ರಸಾಯನಶಾಸ್ತ್ರಜ್ಞರ ಹತ್ತಿರ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಮುಂದೆ ನೊಬೆಲ್ ಪಡೆದ ಎಮಿಲ್ ಫಿಶರ್ ಅವರ ಗುರುಗಳಲ್ಲಿ ಒಬ್ಬರು.

ಶವಾಗಾರದಲ್ಲಿ ಹತ್ತು ವರ್ಷ

ವಿಯೆನ್ನಾಕ್ಕೆ ಮರಳಿದ ಮೇಲೆ ಸಿಕ್ಕ ಕೆಲಸ ಶವಪರೀಕ್ಷೆಯದ್ದು. ಹೆಸರಿಲ್ಲ, ದೊಡ್ಡ ಸಂಬಳವೂ ಇಲ್ಲ. ರೋಗಿಗಳ ಮುಖ ನೋಡುವ ಭಾಗ್ಯವೂ ಇಲ್ಲ. ಸುಮಾರು ಹತ್ತು ವರ್ಷದಲ್ಲಿ ಅವರು ಮಾಡಿದ ಶವಪರೀಕ್ಷೆಗಳು 3,639. ಅಂದ್ರೆ ಹೆಚ್ಚುಕಡಿಮೆ ದಿನಕ್ಕೊಂದು.

ಆ ಕೆಲಸ ಮುಗಿಸಿ, ಉಳಿದ ಸಮಯದಲ್ಲಿ ಲ್ಯಾಬಿನಲ್ಲಿ ಕೂತು ರಕ್ತದ ಮೇಲೆ ಪ್ರಯೋಗ ಮಾಡ್ತಿದ್ದರು. ಆಳು ಎತ್ತರ, ಮಾತು ಕಮ್ಮಿ. ಸಭೆ ಸಮಾರಂಭ ಅಂದ್ರೆ ದೂರ. ಪಿಯಾನೊ ಚೆನ್ನಾಗಿ ನುಡಿಸ್ತಿದ್ದರು, ಅದೊಂದೇ ಹವ್ಯಾಸ. ಮಿಕ್ಕಿದ್ದೆಲ್ಲ ಕೆಲಸ.

ಆಗ ರಕ್ತ ಕೊಡೋದು ಜೂಜಾಗಿತ್ತು

ಒಬ್ಬರ ರಕ್ತ ಇನ್ನೊಬ್ಬರಿಗೆ ಹಾಕುವ ಪ್ರಯತ್ನ ಹೊಸದೇನೂ ಅಲ್ಲ. 1667ರಲ್ಲೇ ಫ್ರಾನ್ಸಿನ ಜೀನ್ ಡೆನಿಸ್ ಎಂಬ ಡಾಕ್ಟರ್ ಕುರಿಮರಿ ರಕ್ತವನ್ನು ಮನುಷ್ಯರಿಗೆ ಹಾಕಿ ನೋಡಿದ್ದರು. ಒಬ್ಬ ರೋಗಿ ಸತ್ತು, ಪ್ರಕರಣ ಕೋರ್ಟ್ ಮೆಟ್ಟಿಲೇರಿ, ಕೊನೆಗೆ ಆ ಪದ್ಧತಿಗೇ ನಿಷೇಧ ಬಿತ್ತು. 1818ರಲ್ಲಿ ಲಂಡನ್ನಿನ ಜೇಮ್ಸ್ ಬ್ಲಂಡೆಲ್ ಮನುಷ್ಯರ ರಕ್ತವನ್ನೇ ಮನುಷ್ಯರಿಗೆ ಕೊಡಲು ಶುರು ಮಾಡಿದರು. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುತ್ತಿದ್ದ ತಾಯಂದಿರನ್ನು ಉಳಿಸಬೇಕು ಅನ್ನೋದು ಅವರ ಆಸೆ. ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ.

ಯಾಕೆ ಹೀಗೆ? ಎಲ್ಲರ ರಕ್ತವೂ ಕೆಂಪೇ ತಾನೆ? ಒಬ್ಬರಿಗೆ ಅಮೃತ ಆದದ್ದು ಇನ್ನೊಬ್ಬರಿಗೆ ವಿಷ ಆಗೋದು ಹೇಗೆ? ರೋಗ ಇರೋದ್ರಿಂದ ಹಾಗಾಗುತ್ತೆ, ರಕ್ತ ಕೆಟ್ಟಿರೋದ್ರಿಂದ ಹಾಗಾಗುತ್ತೆ ಅಂತ ಬಹಳ ಜನ ಡಾಕ್ಟರುಗಳು ತಿಳಿದಿದ್ದರು.

ಆರು ಜನರ ರಕ್ತ, ಒಂದು ಪಟ್ಟಿ

ಲ್ಯಾಂಡ್‌ಸ್ಟೈನರ್ ಬೇರೆ ದಾರಿ ಹಿಡಿದರು. ರೋಗಿಗಳನ್ನು ಬಿಟ್ಟು ಆರೋಗ್ಯವಾಗಿರೋರನ್ನು ಪರೀಕ್ಷೆ ಮಾಡಿದರು. ಮೊದಲು ತಮ್ಮದೇ ರಕ್ತ, ಆಮೇಲೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಐದು ಮಂದಿಯ ರಕ್ತ ತೆಗೆದರು. ಪ್ರತಿಯೊಬ್ಬರ ರಕ್ತದಿಂದ ಕೆಂಪು ಕಣ ಒಂದು ಕಡೆ, ತಿಳಿಹಳದಿ ನೀರಿನಂಥ ಸೀರಂ ಇನ್ನೊಂದು ಕಡೆ ಬೇರೆ ಮಾಡಿದರು. ನಂತರ ಪ್ರತಿಯೊಬ್ಬರ ಸೀರಂಗೆ ಪ್ರತಿಯೊಬ್ಬರ ಕೆಂಪು ಕಣ ಬೆರೆಸುತ್ತಾ ಹೋದರು. ಗಂಟಾದರೆ ಪ್ಲಸ್, ಆಗದಿದ್ದರೆ ಮೈನಸ್. ಅಂಗಡಿ ಲೆಕ್ಕದ ಪುಸ್ತಕದ ಹಾಗೆ ಸಾಲು, ಕಾಲಂ ಎಳೆದು ಬರೆದಿಟ್ಟರು.

ಪಟ್ಟಿ ತುಂಬಿದ ಮೇಲೆ ವಿಷಯ ಕಣ್ಣಿಗೆ ಕಂಡಿತು. ಯಾರ ಸೀರಂ ಕೂಡ ಅವರದ್ದೇ ರಕ್ತವನ್ನು ಗಂಟು ಕಟ್ಟಿಸಲಿಲ್ಲ. ಬೇರೆಯವರ ರಕ್ತ ಬಂದಾಗ ಮಾತ್ರ ಕೆಲವೊಮ್ಮೆ ಗಂಟು, ಕೆಲವೊಮ್ಮೆ ಇಲ್ಲ. ಅದೂ ಮನಸ್ಸಿಗೆ ಬಂದ ಹಾಗಲ್ಲ, ಒಂದು ನಿಯಮದ ಪ್ರಕಾರ. ಒಟ್ಟು 22 ಮಂದಿಯ ರಕ್ತ ಪರೀಕ್ಷಿಸಿ 1901ರಲ್ಲಿ ಲೇಖನ ಪ್ರಕಟಿಸಿದರು. ಮನುಷ್ಯರ ರಕ್ತದಲ್ಲಿ ಎ, ಬಿ, ಸಿ ಅಂತ ಮೂರು ಗುಂಪುಗಳಿವೆ ಎಂಬುದು ಅದರ ಸಾರ. ಆ ಸಿ ಗುಂಪೇ ಈಗಿನ ಓ ಗುಂಪು. ಲ್ಯಾಂಡ್‌ಸ್ಟೈನರ್ ಅವರದ್ದೂ ಅದೇ ಗುಂಪು. ಮರುವರ್ಷ, 1902ರಲ್ಲಿ, ಅವರ ಜೊತೆಗಾರರಾದ ಡೆಕಾಸ್ಟೆಲ್ಲೊ ಮತ್ತು ಸ್ಟುರ್ಲಿ ಇನ್ನೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ ನಾಲ್ಕನೆಯದು, ಅಂದ್ರೆ ಎಬಿ ಸಿಕ್ಕಿತು.

ಒಳಗೆ ನಡೆಯೋದು ಇಷ್ಟು. ಎ ಗುಂಪಿನವರ ಕೆಂಪು ಕಣದ ಮೈಮೇಲೆ ಎ ಎಂಬ ಗುರುತು ಇರುತ್ತೆ. ಬಿ ಗುಂಪಿನವರಿಗೆ ಬಿ ಗುರುತು. ಎಬಿಯವರಿಗೆ ಎರಡೂ. ಓದವರಿಗೆ ಎರಡೂ ಇಲ್ಲ. ತನ್ನಲ್ಲಿ ಇಲ್ಲದ ಗುರುತನ್ನು ಕಂಡರೆ ಹಿಡಿದು ಹಾಕುವ ಕಾವಲುಗಾರರು ಪ್ರತಿಯೊಬ್ಬರ ಸೀರಂನಲ್ಲೂ ಇರ್ತಾರೆ. ಎ ಗುಂಪಿನವರಿಗೆ ಬಿ ರಕ್ತ ಹಾಕಿದರೆ ಈ ಕಾವಲುಗಾರರು ಆ ಕಣಗಳ ಮೇಲೆ ಮುಗಿಬೀಳ್ತಾರೆ. ಕಣಗಳು ಗಂಟುಕಟ್ಟಿ ಒಡೆಯುತ್ತವೆ, ಕಿಡ್ನಿ ಕೆಡಬಹುದು, ಜೀವವೇ ಹೋಗಬಹುದು. ಹಿಂದಿನ ಕಾಲದಲ್ಲಿ ರೋಗಿಗಳು ಸಾಯುತ್ತಿದ್ದ ಗುಟ್ಟು ಇದೇ.

ಪ್ರಪಂಚ ತಕ್ಷಣ ಕಿವಿಗೊಡಲಿಲ್ಲ

ಇಂಥ ದೊಡ್ಡ ವಿಷಯ ಹೊರಬಂದರೂ ಹಾರ ತುರಾಯಿ ಏನೂ ಬರಲಿಲ್ಲ. ಬಹಳ ವರ್ಷ ಆಸ್ಪತ್ರೆಗಳು ಅದನ್ನು ತಲೆಗೇ ಹಾಕಿಕೊಳ್ಳಲಿಲ್ಲ. 1907ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ರೂಬೆನ್ ಒಟ್ಟೆನ್‌ಬರ್ಗ್ ಎಂಬ ಯುವ ಡಾಕ್ಟರ್, ದಾನಿ ಮತ್ತು ರೋಗಿಯ ರಕ್ತ ಹೊಂದುತ್ತಾ ಅಂತ ಮೊದಲೇ ಪರೀಕ್ಷಿಸಿ ರಕ್ತ ಕೊಟ್ಟರು. ಈಗ ಕ್ರಾಸ್ ಮ್ಯಾಚ್ ಅಂತಾರಲ್ಲ, ಅದರ ಶುರು ಅಲ್ಲಿಂದ. 1914ರ ಹೊತ್ತಿಗೆ ಸೋಡಿಯಂ ಸಿಟ್ರೇಟ್ ಹಾಕಿದರೆ ರಕ್ತ ಹೆಪ್ಪುಗಟ್ಟಲ್ಲ ಅನ್ನೋದು ತಿಳಿಯಿತು. ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಬಾಟಲಿಯಲ್ಲಿ ರಕ್ತ ಇಟ್ಟು ಕೊಡಲು ಇದರಿಂದ ದಾರಿಯಾಯಿತು.

ಈ ನಡುವೆ ಲ್ಯಾಂಡ್‌ಸ್ಟೈನರ್ ಸುಮ್ಮನೆ ಕೂರಲಿಲ್ಲ. 1908ರ ಕೊನೆಯಲ್ಲಿ ಎರ್ವಿನ್ ಪಾಪ್ಪರ್ ಜೊತೆ ಸೇರಿ, ಪೋಲಿಯೊದಿಂದ ಸತ್ತ ಮಗುವಿನ ಬೆನ್ನುಹುರಿಯ ಅಂಶವನ್ನು ಕೋತಿಗಳಿಗೆ ಕೊಟ್ಟು, ಅದು ಅಂಟುರೋಗ ಅಂತ ತೋರಿಸಿದರು. ಅದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ ಅನ್ನೋದು ಆ ಕೆಲಸದಿಂದ ಬಯಲಾಯಿತು. ಮುಂದೆ ಲಸಿಕೆ ಬರಲು ಇದು ಮೊದಲ ಮೆಟ್ಟಿಲು. ಮಕ್ಕಳ ಬಾಯಿಗೆ ಬೀಳುವ ಎರಡು ಹನಿಯ ಹಿಂದೆಯೂ ಇವರ ಕೈ ಇದೆ ಅಂದಂತಾಯಿತು.

ಅಪ್ಪ ಅಮ್ಮನಿಂದ ಮಕ್ಕಳಿಗೆ

ರಕ್ತದ ಗುಂಪು ಹುಟ್ಟಿನಿಂದಲೇ ಬರುತ್ತೆ ಅನ್ನೋದನ್ನು ಖಚಿತ ಮಾಡಿದವರು ಬೇರೆಯವರು. 1910ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಡುಂಗರ್ನ್ ಮತ್ತು ಹಿರ್ಜ್‌ಫೆಲ್ಡ್ ಕುಟುಂಬಗಳನ್ನೇ ಪರೀಕ್ಷಿಸಿ ಇದನ್ನು ತೋರಿಸಿದರು. 1924ರಲ್ಲಿ ಫೆಲಿಕ್ಸ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞ ಅದರ ಸರಿಯಾದ ಲೆಕ್ಕ ಬಿಡಿಸಿದರು.

ಲೆಕ್ಕ ಕಷ್ಟದ್ದಲ್ಲ. ಪ್ರತಿಯೊಬ್ಬರಲ್ಲೂ ಎರಡು ಚೀಟಿ ಇರುತ್ತೆ ಅಂತಿಟ್ಟುಕೊಳ್ಳಿ. ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ಚೀಟಿಯಲ್ಲಿ ಎ, ಬಿ, ಓ ಮೂರರಲ್ಲಿ ಒಂದು ಬರೆದಿರುತ್ತೆ. ಎ ಮತ್ತು ಬಿ ಗಟ್ಟಿ ದನಿಯವು, ಓ ಸುಮ್ಮನಿರುವಂಥದ್ದು. ಎ ಜೊತೆ ಓ ಇದ್ದರೆ ಕಾಣೋದು ಎ ಮಾತ್ರ. ಎ ಜೊತೆ ಬಿ ಇದ್ದರೆ ಎರಡೂ ಕಾಣುತ್ತೆ, ಅದೇ ಎಬಿ. ಎರಡೂ ಓ ಆದರೆ ಮಾತ್ರ ಓ ಗುಂಪು.

ಈಗ ಒಂದು ಮನೆ ಲೆಕ್ಕ ನೋಡಿ. ಅಪ್ಪ ಎ ಗುಂಪು, ಅಮ್ಮ ಬಿ ಗುಂಪು, ಇಬ್ಬರ ಒಳಗೂ ಒಂದೊಂದು ಓ ಚೀಟಿ ಅಡಗಿದೆ. ಇವರ ಮಕ್ಕಳು ಎ ಆಗಬಹುದು, ಬಿ ಆಗಬಹುದು, ಎಬಿ ಆಗಬಹುದು, ಓ ಕೂಡ ಆಗಬಹುದು. ಮಗುವಿನ ಗುಂಪು ಅಪ್ಪನ ಹಾಗೂ ಇಲ್ಲ, ಅಮ್ಮನ ಹಾಗೂ ಇಲ್ಲ ಅಂತ ಮನೆಯಲ್ಲಿ ಯಾರಾದರೂ ಮೂಗು ಮುರಿದರೆ ಅವರಿಗೆ ಈ ಲೆಕ್ಕ ಹೇಳಿದರೆ ಸಾಕು. ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ. ಅಪ್ಪನ ರಕ್ತ ಮಗನಿಗೆ ಆಗೇ ಆಗುತ್ತೆ, ಅಣ್ಣನದು ತಮ್ಮನಿಗೆ ಆಗೇ ಆಗುತ್ತೆ ಅನ್ನೋ ನಂಬಿಕೆಯೂ ತಪ್ಪು ಅಂತ ಇದೇ ಲೆಕ್ಕ ಹೇಳುತ್ತೆ.

ಭಾರತಕ್ಕೂ ಇಲ್ಲೊಂದು ಕೊಂಡಿ ಇದೆ. ಮೊದಲ ಮಹಾಯುದ್ಧದಲ್ಲಿ ಗ್ರೀಸಿನ ಸಲೋನಿಕಾದಲ್ಲಿ ಬೀಡುಬಿಟ್ಟಿದ್ದ ನಾನಾ ದೇಶದ ಸೈನಿಕರ ರಕ್ತವನ್ನು ಹಿರ್ಜ್‌ಫೆಲ್ಡ್ ದಂಪತಿ ಪರೀಕ್ಷಿಸಿದರು. ಬ್ರಿಟಿಷ್ ಸೇನೆಯಲ್ಲಿದ್ದ ಭಾರತೀಯ ಸಿಪಾಯಿಗಳೂ ಅದರಲ್ಲಿದ್ದರು. ಯುರೋಪಿನವರಿಗಿಂತ ಭಾರತೀಯರಲ್ಲಿ ಬಿ ಗುಂಪು ಬಹಳ ಹೆಚ್ಚು ಅಂತ 1919ರಲ್ಲಿ ಪ್ರಕಟವಾಯಿತು. ಇವತ್ತಿಗೂ ಯಾವುದೇ ಶಿಬಿರದಲ್ಲಿ ಬಿ ಪಾಸಿಟಿವ್‌ನವರು ಸಾಲಾಗಿ ಸಿಗೋದು ಅದಕ್ಕೇ.

ಯುದ್ಧ, ಹಸಿವು, ವಲಸೆ

ಲ್ಯಾಂಡ್‌ಸ್ಟೈನರ್ ಮದುವೆಯಾಗಿದ್ದು ತಡವಾಗಿ, 1916ರಲ್ಲಿ, 48ನೇ ವಯಸ್ಸಿನಲ್ಲಿ. ಹೆಂಡತಿ ಹೆಲೆನ್. ಮರುವರ್ಷ ಮಗ ಹುಟ್ಟಿದ. ಆಗ ಹೊರಗೆ ಮಹಾಯುದ್ಧ ನಡೀತಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಆಸ್ಟ್ರಿಯಾ ಸೋತು ಚೂರಾಗಿತ್ತು. ವಿಯೆನ್ನಾದಲ್ಲಿ ಊಟಕ್ಕೆ ತತ್ವಾರ, ಚಳಿಗೆ ಉರಿಸಲು ಸೌದೆ, ಕಲ್ಲಿದ್ದಲು ಸಿಗ್ತಿರಲಿಲ್ಲ. ಸಂಶೋಧನೆಗೆ ದುಡ್ಡು ಕೇಳುವ ಹಾಗೇ ಇರಲಿಲ್ಲ. ಪ್ರೊಫೆಸರ್ ಅನ್ನೋ ಪದವಿ ಇದ್ದರೂ ವಿಯೆನ್ನಾ ಅವರಿಗೆ ತಕ್ಕ ಜಾಗ ಕೊಡಲಿಲ್ಲ.

ಪುಟ್ಟ ಮಗು, ಹೆಂಡತಿಯನ್ನು ಕಟ್ಟಿಕೊಂಡು ನೆದರ್ಲೆಂಡ್ಸಿನ ಹೇಗ್ ನಗರಕ್ಕೆ ಹೋದರು. 50 ದಾಟಿದ ವಯಸ್ಸು, ಪರದೇಶ. ಸಿಕ್ಕಿದ್ದು ಒಂದು ಸಣ್ಣ ಆಸ್ಪತ್ರೆಯ ಲ್ಯಾಬ್ ಕೆಲಸ. ದಿನಾ ಬರುವ ರೋಗಿಗಳ ರಕ್ತ, ಮೂತ್ರ ಪರೀಕ್ಷೆ. ಪ್ರಪಂಚಕ್ಕೆ ಬ್ಲಡ್ ಗ್ರೂಪ್ ತೋರಿಸಿಕೊಟ್ಟ ಮನುಷ್ಯ ಹೊಟ್ಟೆಪಾಡಿಗೆ ಈ ಕೆಲಸ ಮಾಡಬೇಕಾಯಿತು. ಆದರೂ ಸಂಶೋಧನೆ ಬಿಡಲಿಲ್ಲ, ಅಲ್ಲಿಂದಲೂ ಲೇಖನ ಬರೆಯುತ್ತಲೇ ಇದ್ದರು.

ಕೊನೆಗೆ ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆಯಿಂದ ಕರೆ ಬಂತು. 1920ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ಸೇರಿದರು. ಅಲ್ಲಿ ಫಿಲಿಪ್ ಲೆವಿನ್ ಜೊತೆ 1927ರಲ್ಲಿ ಎಂ, ಎನ್, ಪಿ ಎಂಬ ಇನ್ನಷ್ಟು ಗುರುತುಗಳನ್ನು ಕಂಡುಹಿಡಿದರು. ಮಗುವಿನ ತಂದೆ ಯಾರು ಎಂಬ ಕೋರ್ಟ್ ಪ್ರಕರಣಗಳಲ್ಲಿ, ಡಿಎನ್‌ಎ ಪರೀಕ್ಷೆ ಬರುವವರೆಗೂ ಈ ಗುರುತುಗಳೇ ಆಧಾರವಾಗಿದ್ದವು.

1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1901ರ ಆ ಲೇಖನಕ್ಕೆ ಸಂದ ಗೌರವ ಅದು. ಅಂದ್ರೆ ಬರೋಬ್ಬರಿ 29 ವರ್ಷ ಕಾದ ಮೇಲೆ. ಅಷ್ಟು ಹೊತ್ತಿಗೆ ಅವರಿಗೆ 62 ವಯಸ್ಸು.

ಕೋತಿಯ ರಕ್ತ, ತಾಯಂದಿರ ಕಣ್ಣೀರು

ಪ್ರಶಸ್ತಿ ಬಂದ ಮೇಲೂ ಅವರು ಲ್ಯಾಬ್ ಬಿಡಲಿಲ್ಲ. 1939ರಲ್ಲಿ ನಿವೃತ್ತಿಯಾದರೂ ಕೆಲಸಕ್ಕೆ ಬರೋದು ನಿಲ್ಲಿಸಲಿಲ್ಲ. ಅಲೆಕ್ಸಾಂಡರ್ ವೀನರ್ ಜೊತೆ ನಡೆಸಿದ ಇನ್ನೊಂದು ದೊಡ್ಡ ಕೆಲಸ 1940ರಲ್ಲಿ ಹೊರಬಂತು. ರೀಸಸ್ ಕೋತಿಯ ರಕ್ತವನ್ನು ಮೊಲಗಳಿಗೆ ಕೊಟ್ಟರು. ಮೊಲದಲ್ಲಿ ತಯಾರಾದ ಸೀರಂ ತೆಗೆದು ಮನುಷ್ಯರ ರಕ್ತಕ್ಕೆ ಬೆರೆಸಿದರೆ ನೂರಕ್ಕೆ ಸುಮಾರು 85 ಮಂದಿಯ ರಕ್ತ ಗಂಟಾಯಿತು, ಉಳಿದವರದ್ದು ಆಗಲಿಲ್ಲ. ಕೋತಿಯ ಹೆಸರಿನಿಂದಲೇ ಅದಕ್ಕೆ ಆರ್‌ಎಚ್ ಅಂತ ಹೆಸರಾಯಿತು. ಬ್ಲಡ್ ಗ್ರೂಪಿನ ಮುಂದೆ ಹಾಕುವ ಪಾಸಿಟಿವ್, ನೆಗೆಟಿವ್ ಹುಟ್ಟಿದ್ದು ಹೀಗೆ. ಅಂದಹಾಗೆ ಈ ರೀಸಸ್ ಕೋತಿ ಉತ್ತರ ಭಾರತದ ಊರುಗಳಲ್ಲಿ ಓಡಾಡುವ ಕೋತಿ. ನಮ್ಮ ಕಡೆ ತೆಂಗಿನ ಮರ, ದೇವಸ್ಥಾನದ ಹತ್ತಿರ ಕಾಣುವ ಕೋತಿ ಬೇರೆ ಜಾತಿಯದು.

ಇದು ಬರೀ ಪುಸ್ತಕದ ವಿಷಯವಾಗಿ ಉಳಿಯಲಿಲ್ಲ. ಮೊದಲ ಮಗು ಚೆನ್ನಾಗಿ ಹುಟ್ಟಿ, ಆಮೇಲಿನ ಮಕ್ಕಳು ಹೊಟ್ಟೆಯಲ್ಲೇ ಸಾಯೋದು, ಇಲ್ಲಾ ಕಡು ಕಾಮಾಲೆ ಹಿಡಿದು ಹುಟ್ಟೋದು ಎಷ್ಟೋ ಮನೆಗಳಲ್ಲಿ ನಡೀತಿತ್ತು. ಶಾಪ, ದೋಷ ಅಂತ ತಾಯಿಯ ಮೇಲೆ ಹೊರೆ ಹೊರಿಸಿದ್ದೂ ಇದೆ. ಕಾರಣ ಇದ್ದದ್ದು ರಕ್ತದಲ್ಲಿ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದಾಗ, ಹೆರಿಗೆ ಸಮಯದಲ್ಲಿ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರುತ್ತೆ. ತಾಯಿಯ ದೇಹ ಅದರ ವಿರುದ್ಧ ಕಾವಲು ಹಾಕಿಕೊಳ್ಳುತ್ತೆ. ಮುಂದಿನ ಮಗು ಪಾಸಿಟಿವ್ ಆದರೆ ಆ ಕಾವಲೇ ಮಗುವಿಗೆ ಕಂಟಕ. ಇದು ತಿಳಿದ ಮೇಲೆ 1960ರ ದಶಕದಲ್ಲಿ ಆಂಟಿ-ಡಿ ಇಂಜೆಕ್ಷನ್ ಬಂತು. ಹೆರಿಗೆಯಾದ 72 ಗಂಟೆಯೊಳಗೆ ಕೊಟ್ಟರೆ ಮುಂದಿನ ಮಗುವಿಗೆ ರಕ್ಷಣೆ. ಗರ್ಭಪಾತ ಆದಾಗಲೂ ಡಾಕ್ಟರನ್ನು ಕೇಳೋದು ಮರೆಯಬಾರದು. ನೆಗೆಟಿವ್ ಗುಂಪಿನ ಹೆಣ್ಣುಮಕ್ಕಳು ಗರ್ಭಿಣಿಯಾದ ಕೂಡಲೇ ತಾಯಿ ಕಾರ್ಡಿನಲ್ಲಿ ಗುಂಪು ಬರೆಸಬೇಕು ಅಂತ ಆಶಾ ಕಾರ್ಯಕರ್ತೆಯರು ಒತ್ತಿ ಹೇಳೋದು ಇದಕ್ಕೇ.

ಕೈಯಲ್ಲಿ ಪಿಪೆಟ್ ಹಿಡಿದೇ

ಕೊನೆಯ ವರ್ಷಗಳಲ್ಲಿ ಮನೆಗೇ ಸಂಕಟ ಬಂತು. ಹೆಂಡತಿ ಹೆಲೆನ್‌ಗೆ ಥೈರಾಯ್ಡ್ ಕ್ಯಾನ್ಸರ್. ಲೋಕದ ಲಕ್ಷಾಂತರ ಜನರ ಜೀವ ಉಳಿಯುವ ದಾರಿ ತೋರಿಸಿದ ಮನುಷ್ಯನಿಗೆ ತನ್ನ ಮನೆಯವರ ರೋಗಕ್ಕೆ ದಾರಿ ಕಾಣಲಿಲ್ಲ. 70 ದಾಟಿದ ವಯಸ್ಸಿನಲ್ಲಿ ಕ್ಯಾನ್ಸರ್ ಬಗ್ಗೆ ಹೊಸದಾಗಿ ಅಧ್ಯಯನಕ್ಕೆ ಇಳಿದರು. ಆದರೆ ಸಮಯ ಇರಲಿಲ್ಲ.

1943ರ ಜೂನ್ ತಿಂಗಳು. 75 ತುಂಬಿ ಹತ್ತು ದಿನವಾಗಿತ್ತಷ್ಟೆ. ಲ್ಯಾಬಿನಲ್ಲಿ ಪಿಪೆಟ್ ಹಿಡಿದು ಕೆಲಸ ಮಾಡ್ತಿದ್ದಾಗಲೇ ಹೃದಯಾಘಾತವಾಯಿತು. ಎರಡು ದಿನದ ಮೇಲೆ, ಜೂನ್ 26ರಂದು, ತಾವು ದುಡಿದ ಸಂಸ್ಥೆಯ ಆಸ್ಪತ್ರೆಯಲ್ಲೇ ಕೊನೆಯುಸಿರೆಳೆದರು. ಅದೇ ವರ್ಷದ ಕೊನೆಯಲ್ಲಿ ಹೆಂಡತಿಯೂ ತೀರಿಕೊಂಡರು.

ಜೀವಂತ ಇದ್ದಾಗ ತಕ್ಕ ಜಾಗ ಕೊಡದ ಆಸ್ಟ್ರಿಯಾ, ಮುಂದೆ ತನ್ನ ಸಾವಿರ ಷಿಲ್ಲಿಂಗ್ ನೋಟಿನ ಮೇಲೆ ಅವರ ಚಿತ್ರ ಅಚ್ಚುಹಾಕಿತು. 2004ರಿಂದ ಅವರ ಹುಟ್ಟುಹಬ್ಬ ಇಡೀ ಪ್ರಪಂಚಕ್ಕೆ ರಕ್ತದಾನಿಗಳ ದಿನವಾಯಿತು.

ಇವತ್ತಿಗೂ ಮುಗಿಯದ ಪಾಠ

ಲ್ಯಾಂಡ್‌ಸ್ಟೈನರ್ ಹೋದ ಒಂಬತ್ತು ವರ್ಷಕ್ಕೆ, 1952ರಲ್ಲಿ, ಬಾಂಬೆಯಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಜೊತೆಗಾರರು ವಿಚಿತ್ರ ರಕ್ತ ಕಂಡರು. ನೋಡಲು ಓ ಗುಂಪಿನ ಹಾಗೇ ಇದೆ, ಆದರೆ ಓ ರಕ್ತವೂ ಇವರಿಗೆ ಆಗಲ್ಲ. ಎ, ಬಿ ಗುರುತು ನಿಲ್ಲಬೇಕಾದ ತಳಪಾಯವೇ ಇವರ ಕಣಗಳಲ್ಲಿ ಇಲ್ಲ. ಅದಕ್ಕೆ ಬಾಂಬೆ ಗುಂಪು ಅಂತಲೇ ಹೆಸರಾಯಿತು. ಭಾರತದಲ್ಲಿ ಸುಮಾರು 10 ಸಾವಿರಕ್ಕೆ ಒಬ್ಬರು ಹೀಗಿರಬಹುದು ಎಂಬ ಅಂದಾಜಿದೆ. ಇವರಿಗೆ ಇವರದ್ದೇ ಗುಂಪಿನವರ ರಕ್ತ ಮಾತ್ರ ಆಗೋದು. ಗಾಜಿನ ಪಟ್ಟಿಯ ಪರೀಕ್ಷೆಯಲ್ಲಿ ಇವರು ಓ ಅಂತಲೇ ಕಾಣ್ತಾರೆ. ಸೀರಂ ಕಡೆಯಿಂದಲೂ ಪರೀಕ್ಷಿಸಿ, ಕ್ರಾಸ್ ಮ್ಯಾಚ್ ಮಾಡಿದರೆ ಮಾತ್ರ ನಿಜ ಹೊರಬರುತ್ತೆ.

ಹಾಗಾಗಿ ಡಿಎಲ್ ಕಾರ್ಡಿನಲ್ಲೋ, ಸ್ಕೂಲ್ ಐಡಿಯಲ್ಲೋ ಬರೆದಿರುವ ಗುಂಪನ್ನೇ ನಂಬಿ ಯಾವ ಆಸ್ಪತ್ರೆಯೂ ರಕ್ತ ಹಾಕಲ್ಲ. ಬ್ಲಡ್ ಬ್ಯಾಂಕಿನವರು ಮತ್ತೆ ರಕ್ತ ತೆಗೆದು ಅರ್ಧ ಗಂಟೆ, ಒಂದು ಗಂಟೆ ಕಾಯಿಸ್ತಾರೆ ಅಂತ ಕೌಂಟರ್ ಮುಂದೆ ಜಗಳ ಆಡೋರು ಇದ್ದಾರೆ. ಅಷ್ಟು ಹೊತ್ತು ಒಳಗೆ ನಡೀತಿರೋದು 1901ರಲ್ಲಿ ವಿಯೆನ್ನಾದ ಆ ಲ್ಯಾಬಿನಲ್ಲಿ ನಡೆದ ಕೆಲಸವೇ: ಒಬ್ಬರ ಕಣ, ಇನ್ನೊಬ್ಬರ ಸೀರಂ, ಗಂಟಾಗುತ್ತಾ ಇಲ್ವಾ ಅಂತ ನೋಡೋದು.

18ರಿಂದ 65 ವಯಸ್ಸಿನ, 45 ಕೆಜಿಗಿಂತ ಕಮ್ಮಿ ಇಲ್ಲದ, ಆರೋಗ್ಯವಾಗಿರೋರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಮುಂದಿನ ಸಲ ಶಿಬಿರದಲ್ಲಿ ಬೆರಳಿಗೆ ಸೂಜಿ ಚುಚ್ಚಿದಾಗ ಆ ಮೂರು ಹನಿಯನ್ನು ಒಂದು ನಿಮಿಷ ನಿಂತು ನೋಡಿ. ತನ್ನ ತೋಳಿನ ರಕ್ತವನ್ನೇ ಮೊದಲು ತೆಗೆದು ಪರೀಕ್ಷೆಗಿಟ್ಟ ಆ ಮಾತು ಕಮ್ಮಿಯ ಮನುಷ್ಯನ ಕೆಲಸ ಅಲ್ಲಿ ಇನ್ನೂ ನಡೀತಾ ಇರುತ್ತೆ.